ಎರಡನೆಯವಳಿಗೂ ಅದೇ ಹೆಸರು

ಆಗ ನನಗೆ ಐವತ್ತೆಂಟು ವರ್ಷ. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಒತ್ತಕ್ಷರಗಳನ್ನು ತಮ್ಮನ ಸೊಸೆ ತಿದ್ದಿದ್ದಾಳೆ. ಮಾತು ನನ್ನದೇ. ಇದು ಹೆಸರಿನ ವಿಷಯ, ಆದರೂ ಯಾರ ಹೆಸರನ್ನೂ ಬರೆದಿಲ್ಲ. ಬದುಕಿರುವವರು ಇದ್ದಾರೆ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಅವಳು ವಾಷಿಂಗ್ಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮನೆ ಊರಾಚೆ, ಮೇರಿಲ್ಯಾಂಡಿನಲ್ಲಿ. ಅಳಿಯ ಬಿಳಿಯವನು. ಮದುವೆಯಾದಾಗ ಎರಡು ತಿಂಗಳು ನಾನು ಅವಳ ಕಾಗದಕ್ಕೆ ಉತ್ತರ ಬರೆಸಲಿಲ್ಲ. ಆಮೇಲೆ ಬರೆಸಿದೆ. ಹುಡುಗ ಒಳ್ಳೆಯವನು. ಮುದ್ದೆಯನ್ನು ನುಂಗದೆ ಅಗಿಯುತ್ತಿದ್ದ, ಅದೊಂದೇ ಅವನಲ್ಲಿ ನಾನು ಕಂಡ ದೋಷ.

ಅವನೇ ಒಂದು ದಿನ ಮಗಳ ಬಾಯಿಂದ ಕೇಳಿಸಿದ.

"ಅಮ್ಮ, ಇವ್ನು ಕೇಳ್ತಿದಾನೆ, ನೀನ್ಯಾಕೆ ನನ್ನ ಒಂದ್ಸಲಾನೂ ಹೆಸರು ಹಿಡಿದು ಕರೆಯಲ್ಲ ಅಂತ."

"ಮನೆದೇವ್ರ ಹೆಸರು ಕಣೆ. ಆ ಹೆಸರಿಟ್ಕೊಂಡು ಹೇಗೆ ಬೈಯೋದು? ಬಾಯಿ ಬಿದ್ದೋಗಲ್ವಾ?"

"ಬೈಯೋಕೇ ಕರೀಬೇಕಾ? ಊಟಕ್ಕೆ ಕರಿ."

"ಏ ಹುಡುಗಿ ಅಂದ್ರೆ ಊಟಕ್ಕೆ ಬರಲ್ವಾ ನೀನು?"

ಅಳಿಯ ನಕ್ಕ. ನಾನು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹೆಣ್ಣುಮಗು ಹುಟ್ಟಿತು. ಹದಿನೈದನೇ ದಿನಕ್ಕೆ ಅಳಿಯನ ತಾಯಿ ಬಂದರು. ಉತ್ತರ ಕೆರೊಲಿನಾದಿಂದ ಐದು ಗಂಟೆ ತಾವೇ ಕಾರು ಓಡಿಸಿಕೊಂಡು ಬಂದಿದ್ದರು. ನನಗಿಂತ ಎರಡು ವರ್ಷ ದೊಡ್ಡವರು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಬೂಟಿನ ಡಬ್ಬ. ಡಬ್ಬದಲ್ಲಿ ಬೂಟಿರಲಿಲ್ಲ, ಬಾಯಿ ಮುಚ್ಚಲಾಗದಷ್ಟು ಕಾಗದ ಇತ್ತು.

ಒಂದು ಮನೆಯಲ್ಲಿ ಇಬ್ಬರು ಅಜ್ಜಿಯರು ಇದ್ದರೆ ಜಗಳ ಎಂದು ನಾನು ಸಿದ್ಧವಾಗಿಯೇ ಇದ್ದೆ. ಸ್ನಾನದ ತೊಟ್ಟಿಯೊಳಗೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನಾನು ಎಣ್ಣೆ ತಿಕ್ಕುವುದನ್ನು ನೋಡಿ ಅವರು ಬಾಯಿಗೆ ಕೈ ಇಟ್ಟುಕೊಂಡರು. ಮೊದಲೇ ಬಿಳುಪು, ಇನ್ನೂ ಬಿಳುಪಾದರು. ಮೂರನೇ ದಿನ ಪ್ಯಾಂಟನ್ನು ಮೊಣಕಾಲ ಮೇಲೆ ಮಡಿಸಿಕೊಂಡು ತೊಟ್ಟಿಯೊಳಗೆ ಇಳಿದು, "ಈಗ ನಾನು" ಎಂದು ಕೈಸನ್ನೆ ಮಾಡಿದರು. ಅಂದಿನಿಂದ ನನಗೆ ಅವರ ಮೇಲೆ ಗೌರವ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರು ಕಡಿಮೆ. ಬೀಗಿತ್ತಿ ಎನ್ನುವ ಮಾತು ಕಲಿಸಿದೆ. ನಾನೂ ಅವರನ್ನು ಬೀಗಿತ್ತಿ ಎನ್ನುವುದು, ಅವರೂ ನನ್ನನ್ನು ಬೀಗಿತ್ತಿ ಎನ್ನುವುದು. ಬೇರೆ ಮಾತಿಗೆಲ್ಲ ಮಗಳೇ ಬೇಕು.

ಆ ಡಬ್ಬದ ವಿಷಯವನ್ನು ಮಗಳ ಬಾಯಿಂದಲೇ ತಿಳಿದೆ. ಬೀಗಿತ್ತಿಯ ಕಡೆಯವರು ಮೂಲದಲ್ಲಿ ಕೆನಡಾದ ಫ್ರೆಂಚ್ ಮಾತಾಡುವ ಸೀಮೆಯವರು. ಹೊಲದಲ್ಲಿ ಹೊಟ್ಟೆ ತುಂಬದೆ ಗಡಿ ದಾಟಿ ಅಮೆರಿಕದ ಬಟ್ಟೆ ಮಿಲ್ಲುಗಳಿಗೆ ಬಂದರು. ಮಿಲ್ಲುಗಳು ತೆಂಕಲ ಕಡೆ ಹೋದಾಗ ಇವರ ಗಂಡ ಕೆಲಸದ ಹಿಂದೆ ಕೆರೊಲಿನಾಕ್ಕೆ ಬಂದ. ಗಂಡ ಸತ್ತ ಮೇಲೆ ಬೀಗಿತ್ತಿ ತಮ್ಮ ವಂಶ ಹುಡುಕಲು ಕೂತಿದ್ದರು. ನಾಲ್ಕು ವರ್ಷವಾಗಿತ್ತು.

ಅದು ಸುಲಭದ ಕೆಲಸವಲ್ಲ. ಅವರಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಮೊದಲು ಯೇಸುವಿನ ತಾಯಿಯ ಹೆಸರು. ಗಂಡುಮಕ್ಕಳಿಗೆಲ್ಲ ಆಕೆಯ ಗಂಡನ ಹೆಸರು. ಆಮೇಲೆ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಳ್ಳುವ ಜ್ಞಾನತಾಯಿಯ ಹೆಸರು. ಕೊನೆಯದು ಕರೆಯುವ ಹೆಸರು. ಹಳೇ ಕಾಲದಲ್ಲಿ ಸೈನಿಕರಾಗಿ ಬಂದವರಿಗೆ ದಂಡಿನಲ್ಲಿ ಇಟ್ಟ ಅಡ್ಡಹೆಸರು ಮನೆತನಕ್ಕೇ ಅಂಟಿಕೊಂಡು, ಅಣ್ಣನ ಮಕ್ಕಳು ಒಂದು ಮನೆತನದ ಹೆಸರಿನವರು, ತಮ್ಮನ ಮಕ್ಕಳು ಇನ್ನೊಂದು. ಹೆಂಗಸರದು ಮಾತ್ರ ನೇರ. ಮದುವೆಯಾಗಲಿ, ಹತ್ತು ಹೆರಲಿ, ಸಾಯಲಿ, ಚರ್ಚಿನ ಪುಸ್ತಕದಲ್ಲಿ ಅವಳಿಗೆ ಅಪ್ಪನ ಮನೆಯ ಹೆಸರೇ. ಅದು ನನಗೆ ಬಹಳ ಹಿಡಿಸಿತು. ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿಕೊಂಡು ಹಳೆಯದನ್ನು ತವರಿನಲ್ಲೇ ಬಿಟ್ಟು ಬಂದವಳು ನಾನು.

"ಇಷ್ಟೆಲ್ಲ ಹುಡುಕಿ ಏನು ಮಾಡ್ತಾರಂತೆ?" ಎಂದು ಮಗಳನ್ನು ಕೇಳಿದೆ. "ಹತ್ತು ತಲೆಮಾರಿನ ಹಿಂದಿನೋರು ಎದ್ದು ಬಂದು ಪಾತ್ರೆ ತೊಳೀತಾರಾ?"

ಮಗಳು ಅದನ್ನು ಹಾಗೇ ಹೇಳಿಬಿಟ್ಟಳು. ಬೀಗಿತ್ತಿ ಸಿಟ್ಟಾಗಲಿಲ್ಲ. ಡಬ್ಬದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಕುರ್ಚಿಯಲ್ಲಿ ಕೂತ ಹಣ್ಣುಹಣ್ಣು ಮುದುಕಿ. ಅವರ ತಾಯಿ. ಎಂಬತ್ತಾರು. ಕೆರೊಲಿನಾದಲ್ಲಿ ಬೀಗಿತ್ತಿಯ ಮನೆಯ ಹತ್ತಿರದ ಒಂದು ವೃದ್ಧಾಶ್ರಮದಲ್ಲಿದ್ದರು. ಹೃದಯದ ಕಾಯಿಲೆ.

ಆ ಅಜ್ಜಿ ಏಳು ವರ್ಷದವರಿದ್ದಾಗ ಕೆನಡಾದ ಹಳ್ಳಿಯಲ್ಲಿ ಸೋದರತ್ತೆ ಅವರನ್ನು ಚರ್ಚಿನ ಹಿಂದಿನ ಸಮಾಧಿಗಳ ಹತ್ತಿರ ಕರೆದುಕೊಂಡು ಹೋಗಿ ಒಂದು ಗೇಣುದ್ದದ ಕಲ್ಲು ತೋರಿಸಿದಳಂತೆ. ಕಲ್ಲಿನ ಮೇಲೆ ಇವರದೇ ಹೆಸರು, ಇವರಪ್ಪನ ಮನೆತನ. "ನಮ್ಮಣ್ಣನ ಮಗಳು ಇಲ್ಲಿ ಮಲಗಿದಾಳೆ, ನೀನ್ಯಾರೋ ಏನೋ" ಎಂದಳಂತೆ. ಹುಡುಗಿ ಮನೆಗೆ ಬಂದು ಯಾರನ್ನೂ ಕೇಳಲಿಲ್ಲ. ಅನಾಥಾಶ್ರಮದಿಂದ ತಂದು ಸತ್ತವಳ ಜಾಗಕ್ಕೆ ಹಾಕಿದ್ದಾರೆ ಎಂದುಕೊಂಡು ಎಪ್ಪತ್ತೊಂಬತ್ತು ವರ್ಷ ಕಳೆದಿದ್ದರು. ಈಗ ಬೀಗಿತ್ತಿಗೆ ಒಂದು ಮಾತು ಹೇಳಿದ್ದರು. ನಾನು ಸತ್ತರೆ ನನ್ನ ಕಲ್ಲಿನ ಮೇಲೆ ಹೆಸರು ಹಾಕಿಸಬೇಡ, ಆ ಹೆಸರು ಆಗಲೇ ಒಂದು ಕಲ್ಲಿನ ಮೇಲಿದೆ, ಅದು ಆ ಮಗುವಿನದು.

"ನಮ್ಮಮ್ಮನ್ನ ಹೇಗೆ ಬರೀ ಕಲ್ಲಿನ ಕೆಳಗೆ ಮಲಗಿಸ್ಲಿ ಅಂತಾರೆ," ಎಂದಳು ಮಗಳು.

ನಮ್ಮಲ್ಲಿ ಸುಡುತ್ತಾರೆ, ಕಲ್ಲಿನ ಗೊಡವೆ ಇಲ್ಲ ಎಂದು ಹೇಳಲು ಬಾಯಿ ತೆರೆದವಳು ಫೋಟೋವನ್ನು ಕೈಗೆತ್ತಿಕೊಂಡೆ.

ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಚರ್ಚಿತ್ತು. ಅದರ ನೆಲಮಾಳಿಗೆಯಲ್ಲಿ ದೂರದೂರದ ಹಳೆಯ ಪುಸ್ತಕಗಳ ಫೋಟೋ ಸುರುಳಿಗಳನ್ನು ಅಂಚೆಯಲ್ಲಿ ತರಿಸಿ, ಮೆಷಿನ್ನಿಗೆ ಹಾಕಿ ತೋರಿಸುತ್ತಿದ್ದರು. ಬೀಗಿತ್ತಿ ತಮ್ಮ ತಾಯಿಯ ಹಳ್ಳಿಯ ಸುರುಳಿಗೆ ಮೊದಲೇ ಬರೆದಿದ್ದರು. ಅದು ಬಂದಿತ್ತು. ಮಗುವಿಗೆ ನೀರು ಹಾಕಿ ಮಲಗಿಸಿದ ಮೇಲೆ ನನಗೆ ಕೆಲಸವಿರಲಿಲ್ಲ. ಅವರ ಜೊತೆ ಕಾರು ಹತ್ತಿದೆ.

ಕತ್ತಲೆ ಕೋಣೆ. ಹಿಡಿ ತಿರುಗಿಸಿದರೆ ಹಾಳೆಗಳು ಪರದೆಯ ಮೇಲೆ ಓಡುತ್ತವೆ. ಪಾದ್ರಿಯ ಕೈಬರಹ, ಜೇಡ ಓಡಾಡಿದ ಹಾಗೆ. ನಾನು ಸುಮ್ಮನೆ ಕೂರುವವಳಲ್ಲ ಎಂದು ಬೀಗಿತ್ತಿಗೆ ಗೊತ್ತಾಗಿರಬೇಕು. ಹಾಳೆಯ ಪಕ್ಕದ ಅಂಚಿನಲ್ಲಿ ಬರೆದಿದ್ದ ಅಕ್ಷರಗಳನ್ನು ತೋರಿಸಿಕೊಟ್ಟರು. ಬಿ ಇದ್ದರೆ ದೀಕ್ಷಾಸ್ನಾನ. ಕೈಯಲ್ಲಿ ನೀರು ಹೊಯ್ದು ತೋರಿಸಿದರು. ಎಂ ಇದ್ದರೆ ಮದುವೆ. ತಮ್ಮ ಉಂಗುರ ತೋರಿಸಿದರು. ಎಸ್ ಇದ್ದರೆ ಮಣ್ಣು. ಕಣ್ಣು ಮುಚ್ಚಿ ತಲೆ ವಾಲಿಸಿದರು. ಒಂದು ಜೀವಕ್ಕೆ ಮೂರು ಅಕ್ಷರ ಸಾಕು. ಐವತ್ತೆಂಟು ವರ್ಷಕ್ಕೆ ನನಗೆ ಇಂಗ್ಲಿಷ್ ಅಕ್ಷರ ಕಲಿಸಿದವರು ಅವರೊಬ್ಬರೇ. ಇವತ್ತಿಗೂ ನನಗೆ ಬರುವುದು ಆ ಮೂರೇ.

ಮೊದಲ ದಿನ ಸಿಗಲಿಲ್ಲ. ಎರಡನೇ ದಿನ ಸಿಕ್ಕಿತು. ಬಿ, ಪಕ್ಕದಲ್ಲಿ ಅವರ ತಾಯಿಯ ಹೆಸರು. ತಾಯಿಯ ಕಾಗದಪತ್ರಗಳಲ್ಲಿ ಇದ್ದದ್ದೂ ಅದೇ ತಾರೀಕು. ಬೀಗಿತ್ತಿ ನನ್ನ ತೋಳು ಹಿಡಿದರು. ನಾಲ್ಕಾರು ಹಾಳೆ ಮುಂದೆ ತಿರುಗಿಸಿದರು. ಎಂಟು ತಿಂಗಳಿಗೆ ಎಸ್. ಅದೇ ಹೆಸರು.

ತೋಳು ಬಿಟ್ಟರು. ಮೆಷಿನ್ ಆರಿಸಿದರು. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತರು. "ಆ ಸೋದರತ್ತೆ ಹೇಳಿದ್ದು ನಿಜ ಆಯ್ತಂತೆ. ಆ ಮಗು ಸತ್ತಿದೆ. ಇವರಮ್ಮ ಬೇರೆ ಯಾರೋ. ಇನ್ನು ಅನಾಥಾಶ್ರಮಗಳಿಗೆ ಕಾಗದ ಬರೀತಾರಂತೆ," ಎಂದು ಮಗಳು ಹೇಳಿದಳು.

ನನಗೆ ಅಷ್ಟು ಹೊತ್ತಿಗೇ ಗೊತ್ತಾಗಿತ್ತು. ಓದಿನಿಂದ ಗೊತ್ತಾದದ್ದಲ್ಲ. ಆದರೆ ಹೇಳಬೇಕೆಂದರೆ ನಾನು ಮೂವತ್ನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಬಿಚ್ಚಬೇಕು, ಅದನ್ನೂ ಮಗಳ ಬಾಯಿಂದಲೇ ಹೇಳಿಸಬೇಕು. ಎರಡು ದಿನ ಸುಮ್ಮನಿದ್ದೆ. ಶನಿವಾರ ಅಳಿಯ ನನ್ನನ್ನು ಹತ್ತಿರದ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದ. ದೇವರು ಏನೂ ಹೇಳಲಿಲ್ಲ. ಪುಳಿಯೋಗರೆ ಪ್ರಸಾದ ತಿಂದೆ. ಉಪ್ಪು ಜಾಸ್ತಿ. ವಾಪಸು ಬರುವಾಗ ಕಾರಿನಲ್ಲಿ ತೀರ್ಮಾನ ಮಾಡಿದೆ. ಒಬ್ಬಳು ಮುದುಕಿ ತಾನು ಯಾರ ಮಗಳು ಎಂದು ತಿಳಿಯದೆ ಸಾಯುವುದು, ನನ್ನ ಮಗಳು ನನ್ನ ಮೇಲೆ ಸಿಟ್ಟಾಗುವುದು, ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಸಣ್ಣ ಮಗುವೂ ಹೇಳುತ್ತದೆ.

"ಏ ಹುಡುಗಿ, ಮಗೂನ ಗಂಡನ ಕೈಗೆ ಕೊಟ್ಟು ಇಲ್ಲಿ ಬಾ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬೀಗಿತ್ತಿಗೆ ಹೇಳು. ಮಧ್ಯ ನಿಂದು ಸೇರಿಸ್ಬೇಡ."

ಬಂದು ಕೂತಳು.

"ನಂಗೆ ಮೊದಲು ಒಂದು ಹೆಣ್ಣುಮಗು ಆಗಿತ್ತು."

ಅವಳು ಇಂಗ್ಲಿಷಿಗೆ ಬಾಯಿ ತೆರೆದವಳು ನನ್ನ ಕಡೆ ತಿರುಗಿದಳು. "ಯಾವಾಗ? ಏನು ಹೇಳ್ತಿದೀಯ?"

"ಹೇಳು ಮೊದ್ಲು."

ಹೇಳಿದಳು.

"ಒಂಬತ್ತು ತಿಂಗಳಿಗೆ ಹೋಯ್ತು. ವಾಂತಿ ಭೇದಿ. ಮನೆದೇವ್ರ ಹೆಸರು ಇಟ್ಟಿದ್ವಿ. ಒಂದೂವರೆ ವರ್ಷಕ್ಕೆ ಇನ್ನೊಂದು ಹೆಣ್ಣಾಯ್ತು. ನಮ್ಮತ್ತೆ ಅಂದ್ರು, ಹರಕೆ ಹೊತ್ತ ಹೆಸರು, ಮಗು ಹೋದ್ರೆ ಹರಕೆ ಹೋಗುತ್ತಾ, ದೇವ್ರ ಹೆಸರಿಗೆ ಸಾವಿಲ್ಲ, ಇದಕ್ಕೂ ಅದನ್ನೇ ಇಡಿ ಅಂತ. ಕೇರಿಯೋರು ಬೇಡ ಅಂದ್ರು. ನಾನೂ ಬೇಡ ಅಂದೆ. ಇಟ್ರು."

ಮಗಳು ಅರ್ಧ ಹೇಳಿ ನಿಂತಳು. ಆಸ್ಪತ್ರೆಯಲ್ಲಿ ದಿನಾ ಸಾವು ನೋಡುವವಳು. ಉಳಿದರ್ಧಕ್ಕೆ ಅವಳಿಗೆ ಇಂಗ್ಲಿಷ್ ಸಿಗಲಿಲ್ಲ.

"ಇನ್ನೊಂದು ಹೆಣ್ಣು ಅಂದ್ರೆ ನಾನು," ಎಂದಳು.

"ಇನ್ಯಾರು?"

ಬೀಗಿತ್ತಿ ನಮ್ಮಿಬ್ಬರ ಮುಖ ನೋಡಿ ಏನೋ ಕೇಳಿದರು. ಮಗಳು ಮೇಜಿನ ಕಡೆ ನೋಡಿಕೊಂಡು ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಷ್ಟು ಮಾಡಿದಳಲ್ಲ, ಅದಕ್ಕೆ ನಾನು ಅವಳಿಗೆ ಕೃತಜ್ಞಳು. ಎದ್ದು ಹೋಗಬಹುದಿತ್ತು.

"ಈಗ ಇದನ್ನ ಹೇಳು," ಎಂದೆ. "ಎಸ್ ಸಿಕ್ಕಿದ ಕಡೆ ನಿಲ್ಲಿಸಿಬಿಟ್ರಿ. ಮಗು ಮಣ್ಣಾದ ಮನೇಲಿ ವರ್ಷ ಎರಡು ವರ್ಷಕ್ಕೆ ಇನ್ನೊಂದು ಹುಟ್ಟುತ್ತೆ. ಮುಂದಕ್ಕೆ ತಿರುಗಿಸಿ."

ಬೀಗಿತ್ತಿ ಒಪ್ಪಲಿಲ್ಲ. ತಾಯಿಯ ಕಾಗದದಲ್ಲೆಲ್ಲ ಹುಟ್ಟಿದ ತಾರೀಕು ಸತ್ತ ಮಗುವಿನದೇ, ಎರಡು ವರ್ಷ ಆಮೇಲೆ ಹುಟ್ಟಿದ್ದರೆ ಹಾಗೆ ಹೇಗಿರುತ್ತದೆ ಎಂದು ಕೇಳಿದರು.

"ಆ ಕಾಗದ ಮೊದಲು ತೋರಿಸಿದ್ದು ಎಲ್ಲಿ?"

"ಮಿಲ್ಲಲ್ಲಂತೆ. ಕೆಲಸಕ್ಕೆ ಸೇರುವಾಗ. ಹದಿನಾಲ್ಕು ತುಂಬಿರಬೇಕಿತ್ತಂತೆ."

ನನಗೆ ನಗು ಬಂತು. "ನಿಂದು ಸ್ಕೂಲಿನ ಹುಟ್ಟಿದ ತಾರೀಕು ಏನೇ?"

"ಜೂನ್ ಒಂದು."

"ನೀನು ಹುಟ್ಟಿದ್ದು ಕಾರ್ತಿಕದಲ್ಲಿ. ಮೇಷ್ಟ್ರು ಬರೆದ್ರು, ನಿಮ್ಮಪ್ಪ ಹೂಂ ಅಂದ್ರು. ಸ್ಕೂಲಿಗೇ ಹೀಗಾದ್ರೆ ಹೊಟ್ಟೆಪಾಡಿಗೆ ಬಿಡ್ತಾರಾ? ಹನ್ನೆರಡು ವರ್ಷದ ಹುಡುಗಿ. ಸತ್ತೋಳ ಚೀಟಿ ಮನೇಲೇ ಇದೆ, ಹೆಸರೂ ಒಂದೇ. ತೋರಿಸಿದಾರೆ, ಸೇರಿಸಿದಾರೆ. ಆಮೇಲೆ ಅದೇ ಗಟ್ಟಿ ಆಯ್ತು."

ಮಗಳು ಹೇಳಿದಳು. ಬೀಗಿತ್ತಿ ಡಬ್ಬ ಬಿಚ್ಚಿ ತಾಯಿಯ ಕಾಗದ ಮತ್ತೆ ತೆಗೆದರು.

ಮಗಳು ಎದ್ದು ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದಾಗ ಬಂದು ನಿಂತಳು.

"ಅವ್ಳು ಹೇಗಿದ್ಲು?"

"ನಿನಗಿಂತ ಕಪ್ಪು. ಅಳು ಕಮ್ಮಿ."

"ನಾನು ಜಾಸ್ತಿ ಅಳ್ತಿದ್ನಾ?"

"ಕೇರಿಗೆಲ್ಲ ಕೇಳ್ಸೋದು. ನಂಗೆ ಅದೇ ಧೈರ್ಯ."

ಒಂದು ಹಿಡಿ ಬೆಳ್ಳುಳ್ಳಿ ತೆಗೆದುಕೊಂಡು ಪಕ್ಕದಲ್ಲಿ ಕೂತು ಬಿಡಿಸಿದಳು.

ಮಂಗಳವಾರ ಮತ್ತೆ ನೆಲಮಾಳಿಗೆಗೆ ಹೋದೆವು. ಈ ಸಲ ಹಿಡಿ ನಾನೇ ತಿರುಗಿಸಿದೆ. ಅವರು ಒಂದು ಚೀಟಿಯಲ್ಲಿ ಹೆಸರನ್ನು ಪಾದ್ರಿ ಬರೆದ ಹಾಗೇ ಬರೆದು ಕೊಟ್ಟಿದ್ದರು. ಮೊದಲ ಅಕ್ಷರ ಕುಡುಗೋಲಿನ ಹಾಗೆ. ಓದಲು ಬಾರದವಳಿಗೆ ಒಂದು ಲಾಭ ಇದೆ. ಬೇರೆ ಯಾವ ಮಾತೂ ಅಡ್ಡ ಬರುವುದಿಲ್ಲ. ಬಿ, ಕುಡುಗೋಲು. ಬಿ, ಕುಡುಗೋಲು. ಅಷ್ಟೇ ನೋಡುತ್ತ ಹೋದೆ. ಎಸ್ ಆದ ವರ್ಷ ದಾಟಿತು. ಅದರ ಮುಂದಿನ ವರ್ಷದ ಕೊನೆಯ ಹಾಳೆಗಳಲ್ಲಿ ಕುಡುಗೋಲು ಸಿಕ್ಕಿತು. ಪರದೆಯ ಮೇಲೆ ಬೆರಳಿಟ್ಟೆ. ಮಗುವಿಗೆ ತಿಕ್ಕಿದ ಎಣ್ಣೆ ಬೆರಳಲ್ಲಿ ಉಳಿದಿತ್ತು, ಗಾಜಿನ ಮೇಲೆ ಕಲೆಯಾಯಿತು.

ಬೀಗಿತ್ತಿ ಬಗ್ಗಿ ಓದಿದರು. ಅದೇ ಅಪ್ಪ. ಅದೇ ಅಮ್ಮ, ಅವಳಪ್ಪನ ಮನೆಯ ಹೆಸರಿನ ಸಮೇತ. ಆ ಹೆಸರು ಇರದಿದ್ದರೆ ಯಾವಳೋ ಹೆಂಡತಿ ಎಂದು ಇನ್ನೊಂದು ಅನುಮಾನ ಉಳಿಯುತ್ತಿತ್ತು. ಕೊನೆಯಲ್ಲಿ ಜ್ಞಾನತಾಯಿ ಯಾರೆಂದು ಬರೆದಿತ್ತು. ಬೀಗಿತ್ತಿ ಅದನ್ನು ಓದಿ ನೆಲಮಾಳಿಗೆಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು. ಕಲ್ಲು ತೋರಿಸಿದ ಆ ಸೋದರತ್ತೆಯೇ! ಮಗುವನ್ನು ಚರ್ಚಿನಲ್ಲಿ ಎತ್ತಿಕೊಂಡವಳು, ತನ್ನ ಹೆಸರನ್ನು ಮಗುವಿನ ಹೆಸರಿನ ಮಧ್ಯ ಸೇರಿಸಿದವಳು. ಸಹಿ ಹಾಕಲು ಬರುವುದಿಲ್ಲ ಎಂದಳು ಎಂದೂ ಪಾದ್ರಿ ಬರೆದಿದ್ದ. ನನಗೂ ಸರಿಯಾಗಿ ಬಾರದು, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಉಳಿದದ್ದು ಬಾಯಿಚಟ. ಕೆಲವು ಹೆಂಗಸರಿಗೆ ಇರುತ್ತದೆ. ಒಂದು ಮಾತು ಉಗುಳಿ ಹೋಗುತ್ತಾರೆ, ಇನ್ನೊಬ್ಬರು ಆಯುಷ್ಯವೆಲ್ಲ ತುಳಿದುಕೊಂಡು ಓಡಾಡಬೇಕು.

ಮಗುವಿಗೆ ಎರಡು ತಿಂಗಳಾದ ಮೇಲೆ ಎಲ್ಲರೂ ಕಾರಿನಲ್ಲಿ ಕೆರೊಲಿನಾಕ್ಕೆ ಹೋದೆವು. ಅಜ್ಜಿ ಕಿಟಕಿಯ ಹತ್ತಿರ ಕೂತಿದ್ದರು. ಬೀಗಿತ್ತಿ ಫೋಟೋ ಪ್ರತಿಗಳನ್ನು ಒಂದೊಂದಾಗಿ ಅವರ ಮಡಿಲಿಗೆ ಇಟ್ಟರು. ಭೂತಗನ್ನಡಿ ಹಿಡಿದು ಅವರೇ ಓದಿದರು. ಫ್ರೆಂಚ್ ಮರೆತಿರಲಿಲ್ಲ. ಮಗಳು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

"ಹಾಗಾದ್ರೆ ಆ ಕಲ್ಲು ನಮ್ಮಕ್ಕಂದು," ಎಂದರಂತೆ. ಆ ಹಾಳೆಯ ಮೇಲೆ ಅಂಗೈ ಇಟ್ಟು, "ನಂಗೆ ಅಕ್ಕ ಇದ್ಲು," ಎಂದರಂತೆ. ಆಮೇಲೆ ತಾರೀಕು ನೋಡಿ ಬೆರಳು ಮಡಿಸಿ, ಅಲ್ಲಿದ್ದ ನರ್ಸನ್ನು ಕೂಗಿದರು. "ನೋಡಮ್ಮ, ನಂಗೆ ಎಂಬತ್ತನಾಲ್ಕಂತೆ. ಎರಡು ವರ್ಷ ಸುಮ್ಸುಮ್ನೆ ಮುದುಕಿಯಾಗಿದ್ದೆ. ಆ ಮಿಲ್ಲಿನೋರು ಕೊಡ್ತಾರಾ ವಾಪಸು?"

ಕಲ್ಲಿನ ಮಾತನ್ನು ಬೀಗಿತ್ತಿಯೇ ಹೆದರಿಕೊಂಡು ಎತ್ತಿದರು. "ಹಾಕ್ಸು, ದೊಡ್ಡದಾಗಿ ಹಾಕ್ಸು," ಎಂದರು ಅಜ್ಜಿ. "ಮಧ್ಯದ್ದು ಮಾತ್ರ ಬೇಡ. ಆ ಹೆಂಗಸನ್ನ ನನ್ನ ಎದೆ ಮೇಲೆ ಕೂರಿಸ್ಬೇಡ."

ಇದನ್ನು ಮೊದಲು ಊಹಿಸಿದವಳು ನಾನು ಎಂದು ಬೀಗಿತ್ತಿ ಹೇಳಿದಾಗ ಅಜ್ಜಿ ನನ್ನ ಕಡೆ ತಿರುಗಿದರು. ಮಗಳ ವಿಷಯವನ್ನೂ ಕೇಳಿ ತಿಳಿದರು. ಮಗಳನ್ನು ನೋಡಿ, ನಾವಿಬ್ಬರೂ ಎರಡನೆಯವರು ಎಂದರಂತೆ. ಆಮೇಲೆ ಬಹಳ ಹೊತ್ತು ಏನೋ ಹೇಳಿದರು. ಮಗಳು ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಅವರಮ್ಮ ಅವ್ರನ್ನ ಯಾವತ್ತೂ ಹೆಸರು ಹಿಡಿದು ಕರೀಲಿಲ್ವಂತೆ. ಪುಟ್ಟಿ ಅನ್ನೋ ಹಾಗೆ ಏನೋ ಅಂತಿದ್ರಂತೆ. ಆ ಸೋದರತ್ತೆ ಮಾತಾದ್ರೂ ಮರೀತಿದ್ರಂತೆ. ಅಮ್ಮ ಕರೀದೇ ಇದ್ದದ್ದಕ್ಕೇ ನಂಬಿದ್ದಂತೆ, ಹೆತ್ತೋಳಾಗಿದ್ರೆ ಕರೀತಿದ್ಲು ಅಂತ. ಯಾಕೆ ಕರೀಲಿಲ್ಲ, ನಿಮಗೆ ಗೊತ್ತಾ ಅಂತ ಕೇಳ್ತಿದಾರೆ. ನಿನ್ನನ್ನ."

ಕುರ್ಚಿ ಎಳೆದು ಅವರ ಹತ್ತಿರ ಕೂತೆ. "ಕರೆದ್ರೆ ಒಬ್ಳೇ ತಿರುಗ್ತಾಳೆ ಅಂತ ಹೇಳು. ಅದಕ್ಕೇ ಬಾಯಿಗೆ ಬರಲ್ಲ," ಎಂದೆ.

ಮಗಳು ಹೇಳಿದಳು. ಅಜ್ಜಿ ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಯೂ ಎಂದರು. ಅದಕ್ಕೆ ಮಗಳು ಬೇಕಿರಲಿಲ್ಲ. ಥ್ಯಾಂಕ್ಯೂ ನಾನೇ ಹೇಳಬೇಕಾಗಿತ್ತು. ಅಮ್ಮ ಹೆಸರು ಹಿಡಿದು ಕರೆಯದ ಒಂದು ಹುಡುಗಿ ಎಂಬತ್ತು ವರ್ಷ ಏನೆಂದುಕೊಂಡು ಬದುಕಿದಳು ಎಂದು ನನಗೆ ಯಾರು ಹೇಳುತ್ತಿದ್ದರು? ಹೊತ್ತು ಮೀರುವ ಮುಂಚೆ ಹೇಳಿದರು.

ಅಜ್ಜಿ ಇನ್ನೂ ಎರಡು ವರ್ಷ ಇದ್ದರು. ಕಲ್ಲಿನ ಫೋಟೋವನ್ನು ಬೀಗಿತ್ತಿ ನನಗೆ ಊರಿಗೆ ಕಳಿಸಿದ್ದರು. ಕುಡುಗೋಲು ದೊಡ್ಡದಾಗಿಯೇ ಇದೆ. ಈಗ ಬೀಗಿತ್ತಿಯೂ ಇಲ್ಲ.

ಅಜ್ಜಿಯನ್ನು ಕಂಡ ಆ ರಾತ್ರಿ ಬೀಗಿತ್ತಿಯ ಮನೆಯಲ್ಲಿ ಉಳಿದೆವು. ಮಾರನೆಯ ಬೆಳಿಗ್ಗೆ ಎದ್ದು ನೀರು ಬಿಸಿ ಮಾಡಿಕೊಂಡೆ. ಅವರ ಸ್ನಾನದ ತೊಟ್ಟಿಯಲ್ಲಿ ಕಾಲು ನೀಡಿ ಕೂತೆ. ಮಗು ಇನ್ನೂ ಒಳಗೆ ತಾಯಿಯ ಪಕ್ಕದಲ್ಲಿತ್ತು. ನೀರು ಆರುತ್ತಿತ್ತು. ಮಗಳನ್ನು ಹೆಸರು ಹಿಡಿದು ಕೂಗಿದೆ. ಮಗುವನ್ನು ತಾ, ನೀರು ಆರ್ತಿದೆ ಎಂದೆ.